ಮಮ್ಮಿ ಕೇಳಿದ ಪ್ರಶ್ನೆ

ಅಬುಧಾಬಿಯ ಕೈಗಾರಿಕಾ ಪ್ರದೇಶ ಮುಸಫ್ಫಾದ ವರ್ಕ್‌ಶಾಪೊಂದರ ಫೋರ್‌ಮನ್ ಸ್ಟೀಫನ್ನನ ಮಗಳು ಡೆಬೊರಾ, ಅವರ ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು. ಗಲ್ಫಿನಲ್ಲೇ ಹುಟ್ಟಿ ಬೆಳೆದ ಮಂಗಳೂರು ಕಡೆಯ ವಿದ್ಯಾರ್ಥಿಗಳು ತಮ್ಮನ್ನು ಎಲ್ಲಿಯವರೆಂದು ತಿಳಿದಿದ್ದಾರೆ ಎಂಬುದು ಅವಳ ಎಂ.ಎ. ಪ್ರಬಂಧದ ವಿಷಯ. ಪ್ರಶ್ನೆಗಳ ಕಾಗದ ಹಿಡಿದು ಹನ್ನೊಂದು ಜನರನ್ನು ಕೇಳಿದಳು: "ವೇರ್ ಆರ್ ಯು ಫ್ರಮ್?" ಎಲ್ಲರದೂ ಒಂದೇ ಉತ್ತರ: "ಐ ಆಮ್ ಫ್ರಮ್ ಅಬುಧಾಬಿ." ಊರಿನ ನಂಟು ಕಡಿದೇಹೋಗಿದೆ ಎಂದು ಡೆಬೊರಾ ಒಂದು ಅಧ್ಯಾಯವನ್ನೇ ಬರೆದು ಮುಗಿಸಿದಳು.

ಹನ್ನೆರಡನೆಯವನು ಡ್ಯಾರಲ್. ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿಕೊಂಡು ನೇರ ಇವರ ಮನೆಗೇ ಬಂದು, ಅವನೂ ಅದನ್ನೇ ಹೇಳಿದ. ಅಷ್ಟರಲ್ಲಿ ಡೆಬೊರಾಳ ತಾಯಿ ಮೆಟಿಲ್ಡಾ ಚಹಾ ತಂದಳು. ಊರ ಕಡೆಯ ಮುಖ ಕಂಡರೆ ವಿಚಾರಿಸದೆ ಬಿಡುವ ಜೀವವಲ್ಲ ಅದು.

"ಊರಲ್ಲಿ ಎಲ್ಲಿ ಮಗಾ?"

"ಶಿರ್ವ, ಆಂಟಿ. ಇಗರ್ಜಿ ಹಿಂದೆಯೇ ನಮ್ಮ ಮನೆ. ರಜೆಗೆ ಹೋದ್ರೆ ಅಜ್ಜಿ ಬಾವಿ ಹತ್ತಿರ ಬಿಡುವುದಿಲ್ಲ, ಗಲ್ಫಿನ ಮಗು ಬೀಳ್ತದೆ ಅಂತ."

ಚಹಾ ಆರಿದರೂ ಅವನ ಮಾತು ಮುಗಿಯಲಿಲ್ಲ.

ಅವನು ಹೋದ ಮೇಲೆ ಡೆಬೊರಾ ಸಿಡುಕಿದಳು: "ಮಮ್ಮಿ, ನನ್ನ ಇಂಟರ್‌ವ್ಯೂ ಹಾಳು ಮಾಡಿದೆ!"

"ನಾನೆಂತ ಮಾಡಿದ್ದು? ನಿನ್ನ ಹಾಗೆ ಕಾಗದ ನೋಡಿಕೊಂಡು ಕೇಳಲಿಲ್ಲ, ಅಷ್ಟೇ."

ಡೆಬೊರಾ ರಾತ್ರಿಯೆಲ್ಲ ಮುನಿಸಿಕೊಂಡೇ ಇದ್ದಳು. ಬೆಳಗ್ಗೆ ಆ ಅಧ್ಯಾಯವನ್ನು ಹರಿದು ಹಾಕಿ, ಹನ್ನೊಂದು ಜನರಿಗೂ ಫೋನ್ ಮಾಡಿದಳು: "ಮುಂದಿನ ಶುಕ್ರವಾರ ಚಹಾಕ್ಕೆ ಬನ್ನಿ. ಮಮ್ಮಿ ಇರ್ತಾರೆ."