ಪರಸಗಡದ ಏಜೆಂಟ್ ಕಾಕಾ

ಇಮಾಮಸಾಬ ಕಾಕಾ ಮಂದಿಯನ್ನು ಕಾಲು ನೋಡಿ ಗುರುತಿಸುತ್ತಿದ್ದರು. ಮತಗಟ್ಟೆಗೆ ಹೆಣ್ಣುಮಕ್ಕಳು ಮುಖದ ತುಂಬ ಸೆರಗು ಹೊದ್ದುಕೊಂಡೋ ಬುರ್ಖಾ ಹಾಕಿಕೊಂಡೋ ಬಂದರೆ ಪರವೂರಿನಿಂದ ಬಂದ ಅಧಿಕಾರಿಗಳು ತಬ್ಬಿಬ್ಬಾಗುತ್ತಿದ್ದರು. ಕಾಕಾ ಬೆಂಚಿನ ಮೇಲೆ ಕೂತಲ್ಲಿಂದಲೇ ನೆಲ ನೋಡಿ ಹೇಳುತ್ತಿದ್ದರು: "ಗುರುಬಸಪ್ಪನ ನಡುವಿನ ಸೊಸಿರಿ. ಎಡಗಾಲ ನೋಡ್ರಿ, ಜ್ವಾಳಾ ಕೊಯ್ಯುವಾಗ ಕುಡಗೋಲ ಬಡದ ಕಲೆ ಐತಿ." ಆ ಹೆಣ್ಣುಮಗಳು ಸೆರಗಿನೊಳಗೇ ನಗುತ್ತ ಬೆರಳು ಮುಂದೆ ಚಾಚುತ್ತಿದ್ದಳು.

ಅವರು ನದಾಫರು. ಹತ್ತಿ ಹಿಂಜಿ ಗಾದಿ ಹೊಲಿದು ಕೊಡುವ ಕಸುಬು. ಹತ್ತಿ ಹಿಂಜುವ ಕಮಾನು ಹೆಗಲಿಗೆ ಹಾಕಿಕೊಂಡು ಸವದತ್ತಿ ತಾಲೂಕಿನ ಕೊನೆಯಲ್ಲಿರುವ ನಮ್ಮೂರಿನ ಒಂದೊಂದು ಮನೆಯ ಪಡಸಾಲೆಯಲ್ಲೂ ದಿನಗಟ್ಟಲೆ ಕೂತವರು. ನೆಲಕ್ಕೆ ಕೂತು ತಲೆ ಬಗ್ಗಿಸಿ ಹತ್ತಿ ಹಿಂಜುವವನಿಗೆ ಮೊದಲು ಕಾಣುವುದು ಬಂದವರ ಕಾಲೇ ಅಲ್ಲವೇ. ಯಾರ ಮನೆಗೆ ಹೊಸ ಸೊಸೆ ಬಂದಳು, ಯಾರು ತವರಿಗೆ ಹೋಗಿ ಮರಳಲಿಲ್ಲ, ಎಲ್ಲ ಅವರಿಗೆ ಗೊತ್ತು. ಹೀಗಾಗಿ ಚುನಾವಣೆ ಬಂತೆಂದರೆ ಒಂದು ಪಕ್ಷದವರು ಕಣ್ಣು ಮುಚ್ಚಿ ಅವರನ್ನೇ ಬೂತ್ ಏಜೆಂಟ್ ಮಾಡುತ್ತಿದ್ದರು. ಊರಿಗೆ ಅವರು ಏಜೆಂಟ್ ಕಾಕಾ ಆದರು.

ನಾನು ರಾಮದುರ್ಗದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಮದುವೆಯ ಗಾದಿ ಹೊಲಿದವರು ಇದೇ ಕಾಕಾ. ಮೊದಲ ಸಲ ಓಟು ಹಾಕಲು ಹೋದಾಗ ಮತದಾರರ ಯಾದಿಯಲ್ಲಿ ನನ್ನ ಹೆಸರಿನ ಮುಂದೆ ಗಂಡನ ಹೆಸರು ತಪ್ಪಾಗಿತ್ತು. ಅಧಿಕಾರಿ ತಲೆ ಅಲ್ಲಾಡಿಸಿದ. ನನಗೆ ಅಳುವೇ ಬಂತು. ಕಾಕಾ ಎದ್ದು ನಿಂತರು. "ಸಾಹೇಬರ, ಇಕಿ ರಾಮದುರ್ಗದ ಮಗಳು. ಇಕಿ ಗಾದಿಗೆ ಹನ್ನೆರಡ ಸೇರ ಹತ್ತಿ ತುಂಬೇನಿ. ನಿಮ್ಮ ಕಾಗದ ತಪ್ಪಬಹುದು, ನಾ ತಪ್ಪೂದಿಲ್ಲ." ಪರವೂರಿನ ಹುಡುಗಿಯಾಗಿದ್ದ ನಾನು ಈ ಊರಿನವಳಾದದ್ದು ಆ ಹೊತ್ತಿಗೆ ಎಂದು ಈಗಲೂ ನನಗೆ ಅನ್ನಿಸುತ್ತದೆ.

ಮುಂದಿನ ಚುನಾವಣೆಯಲ್ಲಿ, ಓದುಬರಹ ಬಲ್ಲವಳು ಎಂದು ಎದುರು ಪಕ್ಷದವರು ನನ್ನನ್ನೇ ಏಜೆಂಟ್ ಮಾಡಿ ಅದೇ ಬೆಂಚಿನ ಮೇಲೆ ಕೂರಿಸಿದರು. "ಬಾ ಯವ್ವಾ, ವೈರಿ," ಎಂದು ಕಾಕಾ ಜಾಗ ಬಿಟ್ಟುಕೊಟ್ಟರು. ಅಂದಿನಿಂದ ಪ್ರತಿ ಚುನಾವಣೆಯಲ್ಲೂ ಬೆಳಗಿನಿಂದ ಸಂಜೆಯವರೆಗೆ ನಮ್ಮದು ಒಂದೇ ಬೆಂಚು, ನಡುವೆ ಒಂದೇ ಚುರುಮರಿ ಪೊಟ್ಟಣ. ಏಜೆಂಟರ ಕೆಲಸ ಇಷ್ಟೇ: ಹೆಸರು ಕೂಗಿದಾಗ ಯಾದಿಯಲ್ಲಿ ಪೆನ್ಸಿಲ್ ಗೀಟು ಹಾಕುವುದು. ಒಬ್ಬರ ಓಟನ್ನು ಇನ್ನೊಬ್ಬರು ಹಾಕಲು ಬಂದರೆ "ತಕರಾರು" ಎಂದು ಮೇಜಿನ ಮೇಲೆ ಎರಡು ರೂಪಾಯಿ ಇಡುವುದು. ಇಟ್ಟರೆ ಅಧಿಕಾರಿ ಅಲ್ಲೇ ವಿಚಾರಣೆ ಮಾಡಬೇಕು.

ಆ ಎರಡು ರೂಪಾಯಿ ಕಾಕಾನ ಬನಿಯನ್ನಿನ ಕಿಸೆಯಲ್ಲಿ ಅರಳೆಯಲ್ಲಿ ಸುತ್ತಿ ಇರುತ್ತಿತ್ತು. ಮೊದಲು ನೋಟಿತ್ತು, ಆಮೇಲೆ ನಾಣ್ಯ. ಅದನ್ನು ಅವರು ಒಮ್ಮೆಯೂ ಮೇಜಿನ ಮೇಲೆ ಇಟ್ಟವರಲ್ಲ. "ನಮ್ಮೂರಾಗ ಇನ್ನೊಬ್ಬರ ಓಟಿಗೆ ಯಾರೂ ಕೈ ಹಾಕಿಲ್ಲ. ಈ ಎರಡ ರೂಪಾಯಿ ಹಿಂಗ ನನ್ನ ಸಂಗಾಟ ಮಣ್ಣಿಗೆ ಹೋಗ್ಲಿ," ಅನ್ನುತ್ತಿದ್ದರು. ಅವರ ಮರ್ಯಾದೆಯೆಲ್ಲ ಆ ಕಿಸೆಯಲ್ಲಿತ್ತು.

ಮಂದಿ ಬರುವುದು ಕಡಿಮೆಯಾಗುವ ಮಧ್ಯಾಹ್ನದ ಹೊತ್ತಿಗೆ ಅವರು ನನಗೆ ಪರಸಗಡದ ಪಾಠ ಮಾಡುತ್ತಿದ್ದರು. ಸವದತ್ತಿ ಹತ್ತಿರದ ಕೋಟೆಯ ಹೆಸರು ಅದು, ನಮ್ಮ ವಿಧಾನಸಭಾ ಕ್ಷೇತ್ರಕ್ಕೂ ಆಗ ಅದೇ ಹೆಸರು. "ನಮ್ಮಪ್ಪ ಮೊದಲನೇ ಓಟು ಹಾಕಿದ್ದು ಮುಂಬಯಿ ಅಸೆಂಬ್ಲಿಗೆ. ಆರಿಸಿ ಹೋದಾಂವ ಅಲ್ಲಿ ಮರಾಠಿ ಮಂದ್ಯಾಗ ಕುಂತು ಬರಾಂವ. ಆಮ್ಯಾಲ ಮೈಸೂರ ರಾಜ್ಯ ಆತು, ಅದೂ ಹೋಗಿ ಕರ್ನಾಟಕ ಆತು. ನಾವು ಕುಂತಲ್ಲೇ ಕುಂತೇವಿ, ಮ್ಯಾಲಿನ ಪಾಟಿ ಅಷ್ಟ ಬದಲಿ ಆತು." ನಮ್ಮ ಬೂತು ಪರಸಗಡದ ಗಡಿಯ ಬೂತು. ಹಳ್ಳದ ಆಚೆ ದಂಡೆಯಿಂದ ಬೈಲಹೊಂಗಲ ಕ್ಷೇತ್ರ ಶುರು. ಆಚೆಯವರನ್ನು ಕಾಕಾ "ಪರರಾಜ್ಯದವರು" ಎಂದು ಚೇಷ್ಟೆ ಮಾಡುತ್ತಿದ್ದರು. ಅವರ ಹೆಂಡತಿ ಮಾಬೂಬಿ ಚಿಗವ್ವ ಆಚೆಯ ಊರಿನ ಮಗಳು. ಆಕೆಯ ಹೆಸರನ್ನು ನಮ್ಮ ಯಾದಿಗೆ ಸೇರಿಸಲು ಮೂರು ಸಲ ಸವದತ್ತಿಯ ಕಚೇರಿಗೆ ನಡೆದು ಹೋಗಿದ್ದರಂತೆ. ಆಕೆಯ ಹೆಸರು ಮೊದಲು ಬಂದ ಹಳೆಯ ಯಾದಿಯನ್ನು ಗಾದಿಯ ಅರಿವೆಯಲ್ಲಿ ಕಟ್ಟಿಟ್ಟಿದ್ದರು, ಅದನ್ನು ಬಿಚ್ಚಿ ತೋರಿಸಿದ್ದರು: ಮಾಬೂಬಿ, ಗಂಡ ಇಮಾಮಸಾಬ, ವಯಸ್ಸು ಇಪ್ಪತ್ತನಾಲ್ಕು.

ಆಮೇಲೆ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದರು. ಪರಸಗಡ ಅನ್ನುವ ಹೆಸರೇ ಹೋಯಿತು. ಸವದತ್ತಿಯ ಕ್ಷೇತ್ರಕ್ಕೆ ಯಲ್ಲಮ್ಮನ ಹೆಸರು ಬಂತು. ತಾಲೂಕು ಸವದತ್ತಿಯೇ ಆದರೂ ನಮ್ಮ ಊರನ್ನು ಬೈಲಹೊಂಗಲ ಕ್ಷೇತ್ರಕ್ಕೆ ಹಾಕಿದರು. ನಾನು ಸುದ್ದಿ ಹೇಳಿದಾಗ ಕಾಕಾ ಕಮಾನು ಕೆಳಗಿಟ್ಟರು. "ಕೋಟಿ ಅಲ್ಲೇ ಐತಿ, ಹಳ್ಳ ಅಲ್ಲೇ ಐತಿ. ಪರಸಗಡ ಎಲ್ಲಿ ಹೋತವಾ?" ನಾನು ನಕ್ಕುಬಿಟ್ಟೆ. "ಈಗ ನೀವೂ ಪರರಾಜ್ಯದವರ ಆದ್ರಿ ನೋಡ್ರಿ ಕಾಕಾ," ಎಂದೆ. ಅವರು ನಗಲಿಲ್ಲ.

ಮರೆವು ಯಾವಾಗ ಹತ್ತಿತೋ ಗೊತ್ತಿಲ್ಲ. ಹಿಂಜಿದ ಹತ್ತಿಯನ್ನೇ ಮತ್ತೆ ಹಿಂಜುತ್ತ ಕೂರುವುದು, ನಾಲ್ಕು ಮನೆ ದಾಟಿ ಹೋದವರು ದಾರಿ ತಪ್ಪುವುದು ಶುರುವಾಯಿತು. ಒಂದು ದಿನ ನನ್ನನ್ನು "ಯಾರ ಪೈಕಿ ಯವ್ವಾ?" ಎಂದು ಕೇಳಿದರು. "ರಾಮದುರ್ಗದ ಮಗಳು, ಹನ್ನೆರಡ ಸೇರ ಹತ್ತಿ," ಎಂದೆ. ಮುಖ ಅರಳಿತು. "ವೈರಿ!" ಎಂದರು. ಹಳೆಯದೆಲ್ಲ ನೆನಪಿತ್ತು, ಹೊಸದು ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಪಕ್ಷದವರು ರೂಢಿಯಂತೆ ಅವರ ಮನೆಗೇ ಫಾರ್ಮು ತಂದು ಕೊಟ್ಟರು. ಅವರನ್ನು ಕೂರಿಸಬಾರದು ಎಂದು ಹೇಳಲು ನಾನು ಅಲ್ಲಿಗೆ ಹೋದೆ. ಚಿಗವ್ವ ನನ್ನ ಕೈ ಹಿಡಿದುಕೊಂಡಳು.

"ಬ್ಯಾಡ ಅನಬ್ಯಾಡ ತಂಗಿ. ವಾರದಿಂದ ಆ ಅಂಗೀನ ಇಸ್ತ್ರಿ ಮಾಡಸ್ರಿ ಅಂತ ಕುಂತಾರ. ಇದೊಂದ ಸಲ ಕುಂಡ್ರಲಿ. ನೀ ಬಾಜೂಕ ಇರತಿ ಅಲ್ಲಾ."

ನಾನು ಒಪ್ಪಿಕೊಂಡೆ. ಬೇರೆ ಪಕ್ಷದವಳಾಗಿ ಒಂದು ಮಾತು ಹೇಳಿದ್ದರೆ ಅಧಿಕಾರಿಗಳು ಅವರನ್ನು ಮನೆಗೆ ಕಳಿಸುತ್ತಿದ್ದರು. ನಾನು ಹೇಳಲಿಲ್ಲ, ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ನಡೆಯಿತು. ಬಂದವರೆಲ್ಲ ಅವರಿಗೆ ಕೈ ಮುಗಿದು ತಾವೇ ಹೆಸರು ಹೇಳುತ್ತಿದ್ದರು. ಅವರ ತೊಡೆಯ ಮೇಲಿದ್ದದ್ದು ಹೊಸ ಯಾದಿಯಲ್ಲ, ಪರಸಗಡದ ಆ ಹಳೆಯ ಯಾದಿ. ಎಂದೋ ಸತ್ತವರ ಹೆಸರುಗಳ ಮುಂದೆ ಗೀಟು ಹಾಕುತ್ತಿದ್ದರು.

ಹನ್ನೊಂದರ ಸುಮಾರಿಗೆ ಚಿಗವ್ವ ಬಂದಳು. ಅಧಿಕಾರಿ "ಮಾಬೂಬಿ, ಗಂಡ ಇಮಾಮಸಾಬ" ಎಂದು ಕೂಗಿದ. ಕಾಕಾ ತಟ್ಟನೆ ತಲೆ ಎತ್ತಿದರು. ಬಾಗಿಲ ಕಡೆ ನೋಡಿದರು. ಆಮೇಲೆ ಎದುರಿಗಿದ್ದ ಮುದುಕಿಯ ಕಾಲು ನೋಡಿದರು, ಬಹಳ ಹೊತ್ತು ನೋಡಿದರು. ಒಡೆದ ಹಿಮ್ಮಡಿ, ಬಾತ ಪಾದ. ಎದ್ದು ನಿಂತು ಬನಿಯನ್ನಿನ ಕಿಸೆಗೆ ಕೈ ಹಾಕಿ, ಅರಳೆ ಬಿಚ್ಚಿ, ನಾಣ್ಯವನ್ನು ಮೇಜಿನ ಮೇಲಿಟ್ಟರು.

"ತಕರಾರ ಐತ್ರಿ ಸಾಹೇಬರ. ಇವರು ಮಾಬೂಬಿ ಅಲ್ಲ."

ಚಿಗವ್ವ ಮನೆಯ ಮಾತಿನಲ್ಲಿ, ಉರ್ದುವಿನಲ್ಲಿ, ತಾನೇ ಅವಳು ಎಂದು ಮೆಲ್ಲಗೆ ಅಂದಳು: "ಮೈಚ್ ಜೀ. ಮಾಬೂಬಿ." ಗಂಡಹೆಂಡತಿ ಎಂದೂ ತಮ್ಮಲ್ಲಿ ಕನ್ನಡ ಆಡಿದವರಲ್ಲ. ಕಾಕಾ ಆಕೆಗೆ ಕನ್ನಡದಲ್ಲಿ, ಪರರಿಗೆ ಹೇಳುವ ಮರ್ಯಾದೆಯಲ್ಲಿ ಹೇಳಿದರು: "ಸಿಟ್ಟಾಗಬ್ಯಾಡ್ರಿ ಅವ್ವಾ. ನಿಮ್ಮ ಹೆಸರು ನಿಮ್ಮೂರ ಯಾದ್ಯಾಗ ಇರತೈತಿ. ಇದು ನಮ್ಮ ಮನಿಯಾಕಿ ಓಟು. ಅಕಿಗೆ ಇಪ್ಪತ್ತನಾಕು ವರ್ಷ. ಈಗ ಬರತಾಳ."

ಚಿಗವ್ವ ಗುರುತಿನ ಚೀಟಿ ತೋರಿಸಿದರೆ ಕಾಕಾ "ಫೋಟೋ ಯಾರ್ದರ ಹಚ್ಚಬಹುದ್ರಿ" ಎಂದರು. ಅಧಿಕಾರಿ ಎಳೆಯ ವಯಸ್ಸಿನವ, ಒಳ್ಳೆಯವ. ನನ್ನ ಕಡೆ ತಿರುಗಿ, "ಮೇಡಂ, ನೀವು ಇವರನ್ನ ಗುರುತಿಸ್ತೀರಾ?" ಎಂದು ಕೇಳಿದ.

ನಾನು ಎದ್ದು ನಿಂತೆ. ಇದೇ ಕೋಣೆಯಲ್ಲಿ ನನಗಾಗಿ ಎದ್ದು ನಿಂತಿದ್ದ ಮನುಷ್ಯ ನನ್ನನ್ನೇ ನೋಡುತ್ತಿದ್ದರು, ನಾನು ತಮ್ಮ ಪರವಾಗಿ ಹೇಳುತ್ತೇನೆ ಎಂಬ ನಂಬಿಕೆಯಿಂದ. "ಇವರು ಮಾಬೂಬಿ. ಇಮಾಮಸಾಬ ನದಾಫರ ಹೆಂಡ್ತಿ," ಎಂದೆ. ಕಾಕಾನ ಮುಖ ಸಣ್ಣದಾಯಿತು. "ನೀನೂ ಹಿಂಗ ಮಾಡಿದೇನ ಯವ್ವಾ," ಎಂದು ಕೂತುಬಿಟ್ಟರು.

ಚಿಗವ್ವ ಓಟು ಹಾಕಿದಳು. ಅಧಿಕಾರಿ ನಾಣ್ಯವನ್ನು ಕಾಕಾನ ಅಂಗೈಯಲ್ಲಿಟ್ಟು, "ಒಳ್ಳೆ ಮನಸ್ಸಿನಿಂದ ಮಾಡಿದ ತಕರಾರು, ವಾಪಸ್ ಕೊಡಬೇಕು," ಎಂದ. ಚಿಗವ್ವ ಬಂದು ಅವರ ಮುಂದೆ ನಿಂತು, ಈ ಸಲ ಕನ್ನಡದಲ್ಲಿ, "ನಡೀರಿ, ಮನಿಗೆ ಹೋಗೂಣು," ಎಂದಳು. ಅವರು ತಲೆಯಾಡಿಸಿದರು. "ಇಲ್ರಿ. ನಮ್ಮಾಕಿ ಇನ್ನ ಬಂದಿಲ್ಲ."

ಮತದಾನ ಮುಗಿಯುವವರೆಗೂ ಅವರು ಬಾಗಿಲು ನೋಡುತ್ತ ಕೂತಿದ್ದರು. ಹೊರಗೆ, ಮತಗಟ್ಟೆಯಿದ್ದ ಶಾಲೆಯ ಬೇವಿನ ಗಿಡದ ಕೆಳಗೆ ಚಿಗವ್ವ ಕೂತಿದ್ದಳು, ಉಣ್ಣದೆ. ನಾನು ಇಬ್ಬರ ನಡುವೆ ನೀರಿನ ತಂಬಿಗೆ ಹಿಡಿದು ಓಡಾಡಿದೆ. ಸಂಜೆ ಆಕೆ ಅವರ ಕೈ ಹಿಡಿದು ಕರೆದುಕೊಂಡು ಹೋದಳು. ಅವರು ತಕರಾರಿಲ್ಲದೆ ಹೋದರು. ಅದಾಗಿ ಎಂಟು ತಿಂಗಳಿಗೆ ತೀರಿಕೊಂಡರು. ಕೊನೆಯವರೆಗೂ ಆಕೆಯನ್ನು "ನೀವು, ತಾವು" ಎಂದೇ ಕರೆಯುತ್ತಿದ್ದರಂತೆ. ಚಹಾ ಕೊಟ್ಟರೆ "ಪುಣ್ಯಾ ಬರತೈತ್ರಿ ನಿಮಗ" ಅನ್ನುತ್ತಿದ್ದರಂತೆ. ಇದನ್ನು ಹೇಳುವಾಗ ಚಿಗವ್ವ ಅಳಲಿಲ್ಲ, ನಾನು ಅತ್ತೆ.

ಮುಂದಿನ ಚುನಾವಣೆಯಲ್ಲಿ ಬೆಂಚಿನ ಮೇಲೆ ಅವರ ಜಾಗದಲ್ಲಿ ಹೊಸ ಹುಡುಗನೊಬ್ಬ ಕೂತಿದ್ದ, ಮೊಬೈಲ್ ಒಳಗೆ ತರಬಾರದೆಂದು ಬೇಜಾರಾಗಿದ್ದ. ಹೊಸ ಯಾದಿಯಲ್ಲಿ ಕಾಕಾನ ಹೆಸರಿರಲಿಲ್ಲ. ಚಿಗವ್ವ ಕೋಲೂರಿಕೊಂಡು ಬಂದಳು. ಹೆಸರು ಕೂಗಿದರು. ನಾನು ಗೀಟು ಹಾಕಿದೆ. ಬೆರಳಿಗೆ ಮಸಿ ಹಚ್ಚಲು ಕೈ ಕೇಳಿದರೂ ಆಕೆ ಕೈ ಚಾಚಲಿಲ್ಲ. ಬೆಂಚಿನ ಕಡೆಗೇ ನೋಡುತ್ತ ನಿಂತಿದ್ದಳು.

"ಏನಾತಬೇ ಅಜ್ಜಿ?" ಎಂದು ಮಸಿ ಹಚ್ಚುವವ ಕೇಳಿದ.

"ತಡೀಪಾ," ಎಂದಳು ಚಿಗವ್ವ. "ಯಾರದರ ತಕರಾರ ಐತೇನ ನೋಡತೇನಿ."