ಕಿಟಕಿಯ ಮೇಲಿನ ಕದ

ಬೀದರಿನಲ್ಲಿರುವ ನಮ್ಮ ಬಾಡಿಗೆ ಮನೆಯ ಬೀದಿಬದಿಯ ಕಿಟಕಿಗೆ ಒಟ್ಟು ನಾಲ್ಕು ಕದಗಳಿವೆ ಎಂಬ ಸಂಗತಿಯನ್ನು ಓದುಗ ಮಹಾಶಯರ ಅವಗಾಹನೆಗೆ ತರುವುದರೊಂದಿಗೆ ಈ ಬರಹವನ್ನು ಆರಂಭಿಸಲು ಅನುಮತಿ ಕೋರುತ್ತೇನೆ. ಮೇಲೆ ಎರಡು, ಕೆಳಗೆ ಎರಡು. ಪ್ರತಿ ಜೋಡಿಗೂ ಅದರದೇ ಚಿಲಕ. ಹನ್ನೊಂದು ವರ್ಷ ಈ ಮನೆಯಲ್ಲಿದ್ದೂ ನಾನು ನಾಲ್ಕನ್ನೂ ಒಂದೇ ಎಂದು ಭಾವಿಸಿ, ಮುಚ್ಚಿದರೆ ನಾಲ್ಕನ್ನೂ ಮುಚ್ಚುತ್ತಿದ್ದೆ. ಮುಚ್ಚಲು ಕಾರಣ, ಪಕ್ಕದ ಮನೆಯ ಆಡು. ಅದು ಮುಂಗಾಲುಗಳನ್ನು ಗೋಡೆಗಾನಿಸಿ, ಸರಳುಗಳ ನಡುವೆ ಮೂತಿ ತೂರಿಸಿ, ನನ್ನ ಮೇಜಿನ ಮೇಲಿನ ದಿನಪತ್ರಿಕೆಯನ್ನು ನನಗಿಂತ ಮೊದಲೇ ಮುಗಿಸಿಬಿಡುತ್ತಿತ್ತು. ಒಂದು ಆಡಿನ ಮೂತಿಯನ್ನು ತಡೆಯುವ ಸಲುವಾಗಿ ಇಡೀ ಸಂಸಾರವನ್ನು ಮೇ ತಿಂಗಳ ಬಿಸಿಲಿನಲ್ಲಿ ಬೇಯಿಸುವುದು ಸರಿಯೇ ಎಂದು ನನ್ನ ಹೆಂಡತಿ ಹಲವು ಸಲ ಮೌಖಿಕವಾಗಿ ವಿಚಾರಿಸಿದ್ದುಂಟು. ಲಿಖಿತವಾಗಿ ಬಾರದ ಮನವಿಗಳನ್ನು ಪರಿಗಣಿಸುವ ಅಭ್ಯಾಸ ನನಗಿರಲಿಲ್ಲ.

ಇಲ್ಲಿ ನನ್ನ ಪರಿಚಯ ಹೇಳಿಕೊಳ್ಳುವುದು ಉಚಿತ. ನಾನು ಇಪ್ಪತ್ತಾರು ವರ್ಷಗಳಿಂದ ಟಿಪ್ಪಣಿ, ಪತ್ರ, ಆದೇಶಗಳ ಕರಡು ಬರೆಯುತ್ತ ಬಂದಿರುವ ಗುಮಾಸ್ತ. ಕಡತ ಸಂಖ್ಯೆ ಇಲ್ಲದ ಬರಹಕ್ಕೆ ಕೈಹಾಕಿರುವುದು ಇದೇ ಮೊದಲು. ಹಾಳೆ ತೆಗೆದೊಡನೆ ಕೈ ತಾನಾಗಿಯೇ ‘ವಿಷಯ’ ಎಂದೂ ಅದರ ಕೆಳಗೆ ‘ಉಲ್ಲೇಖ’ ಎಂದೂ ಬರೆಯಿತು, ಎರಡನ್ನೂ ಹೊಡೆದುಹಾಕಿದ್ದೇನೆ. ‘ನಾನು’ ಎಂದು ಬರೆಯುವಾಗಲೆಲ್ಲ ಮೇಲಧಿಕಾರಿಗಳ ಅನುಮೋದನೆ ಪಡೆದಿಲ್ಲವಲ್ಲ ಎಂಬ ಅಳುಕು. ಆದರೂ ಬರೆಯುತ್ತಿರುವುದಕ್ಕೆ ಕಾರಣ, ಒಬ್ಬ ಹಿರಿಯರಿಗೆ ಸಲ್ಲಬೇಕಾದ ಕೃತಜ್ಞತೆ ಯಾವ ಕಡತದಲ್ಲಿಯೂ ದಾಖಲಾಗದೆ ಉಳಿದಿರುವುದು.

ನಾನು ನಿತ್ಯ ಬೆಳಿಗ್ಗೆ ಬೀದರಿನಿಂದ ಔರಾದ ಮಾರ್ಗದ ಬಸ್ಸು ಹತ್ತಿ ಕಚೇರಿಗೆ ಹೋಗುತ್ತೇನೆ. ಯಾವ ನಿಲ್ದಾಣದಲ್ಲಿ ಇಳಿಯುತ್ತೇನೆಂಬುದನ್ನು ಹೇಳುವುದಿಲ್ಲ. ತಪ್ಪು ನನ್ನದಾಗಿರುವಾಗ ಕಚೇರಿಯ ಹೆಸರೇಕೆ? ಅಲ್ಲಿ ಪ್ರತಿ ಪರೀಕ್ಷೆಗೂ ಮುನ್ನ, ನಕಲು ನಡೆಯದಿರಲೆಂದು, ಪರೀಕ್ಷಾ ಕೇಂದ್ರದ ಸುತ್ತ ನಿಷೇಧಾಜ್ಞೆ ಹೊರಡಿಸುವುದು ವಾಡಿಕೆ. ಕರಡು ನನ್ನದು, ಸಹಿ ಸಾಹೇಬರದು. ಕರಡು ಎಂದರೆ ಹಿಂದಿನ ವರ್ಷದ ಆದೇಶದಲ್ಲಿ ದಿನಾಂಕ ಬದಲಿಸುವ ಕಲೆ. ಕಳೆದ ಬೇಸಿಗೆಯಲ್ಲಿ, ಮೊದಲ ಸಲ ನಪಾಸಾದ ಮಕ್ಕಳಿಗಾಗಿ ಎರಡನೆಯ ಪರೀಕ್ಷೆ ನಡೆಯುವುದಿತ್ತು. ಅಷ್ಟರಲ್ಲಿ ಕಂಪ್ಯೂಟರು ಕೆಟ್ಟು ಹಳೆಯ ಆದೇಶವೂ ಅದರೊಂದಿಗೇ ಸ್ವರ್ಗಸ್ಥವಾಗಿತ್ತು. ಎಲ್ಲಿಯೋ ದೂರದಲ್ಲಿದ್ದ ಸ್ನೇಹಿತರೊಬ್ಬರು ತಮ್ಮಲ್ಲಿದ್ದ ಒಂದು ಮಾದರಿಯನ್ನು ಮೊಬೈಲಿಗೆ ಕಳಿಸಿದರು. ಅದು ಪರೀಕ್ಷೆಯದಾಗಿರಲಿಲ್ಲ, ಯಾವುದೋ ಊರಲ್ಲಿ ಗಲಭೆಯಾಗಿ, ಜನ ಬಾಗಿಲು ಹಾಕಿಕೊಂಡು ಕೂತ ವಾರದ್ದಾಗಿತ್ತು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ, ಪ್ರಾರ್ಥನಾ ಸ್ಥಳಗಳಲ್ಲಿಯೂ ಸೇರುವಂತಿಲ್ಲ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಭಾಷೆ ಗಂಭೀರವಾಗಿತ್ತು, ನನಗೆ ಬಹಳ ಹಿಡಿಸಿತು. ಊರಿನ ಹೆಸರು ಬದಲಿಸಿದೆ, ‘ಪರೀಕ್ಷಾರ್ಥಿಗಳನ್ನು ಹೊರತುಪಡಿಸಿ’ ಎಂದು ಸೇರಿಸಿದೆ, ಪರೀಕ್ಷೆಗೆ ವಾಡಿಕೆಯಾದ ನೂರು ಮೀಟರನ್ನು ಮುನ್ನೆಚ್ಚರಿಕೆಯಾಗಿ ಇನ್ನೂರು ಮಾಡಿದೆ. ನಿರ್ಬಂಧ ಕಡಿಮೆಯಾದರೆ ಕಾರಣ ಕೇಳುತ್ತಾರೆ, ಹೆಚ್ಚಾದರೆ ಯಾರೂ ಕೇಳುವುದಿಲ್ಲ ಎಂಬುದು ನನ್ನ ಸೇವಾವಧಿಯ ಒಟ್ಟು ವಿವೇಕ. ಸಾಹೇಬರು ಹತ್ತಾರು ಕಾಗದಗಳ ನಡುವೆ ಅದಕ್ಕೂ ಸಹಿ ಮಾಡಿದರು.

ಪರೀಕ್ಷಾ ಕೇಂದ್ರವಾಗಿದ್ದ ಶಾಲೆ ಮಿಷನ್ ಕಾಲದ್ದು. ಅದರ ಆವರಣದಲ್ಲಿಯೇ, ಮೊಣಕಾಲೆತ್ತರದ ಗೋಡೆಯಾಚೆ, ಅದೇ ಕಾಲದ ಕಲ್ಲಿನ ಚರ್ಚು. ಈ ಭೂಗೋಳ ನನ್ನ ಕರಡಿಗೆ ತಿಳಿದಿರಲಿಲ್ಲ.

ಆದೇಶ ಗೇಟಿಗೆ ಅಂಟಿದ ಮಾರನೆಯ ದಿನ, ಸೋಮವಾರ, ಪ್ರೇಮದಾಸ ಸರ್ ಕಚೇರಿಗೆ ಬಂದರು. ಅವರು ಅದೇ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರು. ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಶಾಯಿ ಪೆನ್ನು. ಮದುವೆಯ ಕಾರ್ಡೊಂದನ್ನು ನನ್ನ ಮುಂದಿಟ್ಟರು. ತೆರೆದು ನೋಡಿದರೆ ಒಳಗೆ ನಾಲ್ಕಾಗಿ ಮಡಿಸಿದ ನನ್ನ ಆದೇಶ.

“ಗುರುವಾರ ನಮ್ಮ ಸುನೀತಾನ ಲಗ್ನ ಅದರಿ. ನಿಮಗ ಕರೀಲಿಕ್ಕ ಬಂದೀನಿ. ಆದರ ನೀವು ಬಂದ್ರ ಕಾಯ್ದೆ ಮುರೀತದ.”

“ಹ್ಯಾಂಗ್ರಿ ಸರ?”

“ನೀವೇ ಬರದೀರಲ್ಲರಿ. ಪಾದ್ರಿ ಒಬ್ಬರು, ವರ, ವಧು, ಸಾಕ್ಷಿ ಇಬ್ಬರು. ಐದು ಅಲ್ಲಿಗೇ ಮುಗೀತು. ಐದಾದ್ರೂ ತಪ್ಪು ಅಂತೀರಿ. ಯಾರಿಗಿ ಬಿಡ್ಲಿ, ನೀವೇ ಹೇಳ್ರಿ. ವರನ್ನ ಬಿಟ್ರ ನಡೀತದೇನು?”

ಪಕ್ಕದ ಮೇಜಿನ ಶಿರಸ್ತೇದಾರರು ಗಹಗಹಿಸಿ ನಕ್ಕರು. ಸರ್ ನಗಲಿಲ್ಲ.

“ಮತ್ತ ನಾ ಎಲ್ಲಿ ನಿಂದ್ರಲಿ? ಇನ್ನೂರು ಮೀಟರ್ ಅಂದ್ರ ಬಸ್ ಸ್ಟ್ಯಾಂಡಿನ ಆಚಿ ಆಗ್ತದ. ಅಲ್ಲಿ ನಿಂತು ಮಗಳ ಕೈ ಹಿಡದು ಹ್ಯಾಂಗ ಒಳಗ ಕರಕೊಂಡು ಹೋಗ್ಲಿ?”

ಪರೀಕ್ಷೆಯ ವೇಳಾಪಟ್ಟಿ ಬರುವ ಮುಂಚೆಯೇ ಮದುವೆಯ ದಿನ ನಿಶ್ಚಯವಾಗಿತ್ತು. ಸುನೀತಾ ಭಾಲ್ಕಿಯಲ್ಲಿ ನರ್ಸು; ಪಾಳಿ ಬದಲಿಸಿಕೊಂಡು, ಬೇಡಿಕೊಂಡು, ನಾಲ್ಕು ದಿನ ರಜೆ ಪಡೆದಿದ್ದಳು. ವರನ ಕಡೆಯವರು ಕಮಲನಗರದಾಚೆ, ಮಹಾರಾಷ್ಟ್ರದಿಂದ ಬರುವವರು. ಬೇರೆಡೆ ಮಾಡಬಹುದಿತ್ತಲ್ಲ ಎಂದು ಕೇಳುವವನಿದ್ದೆ. ಅಷ್ಟರಲ್ಲಿ ಸರ್ ಹೇಳಿದರು, ತೀರಿಕೊಂಡು ಎರಡು ವರ್ಷವಾದ ಸುನೀತಾಳ ತಾಯಿ ಪ್ರತಿ ಭಾನುವಾರ ಹಾಡುತ್ತಿದ್ದುದು ಆ ಚರ್ಚಿನಲ್ಲಿ. ಅಲ್ಲಿ ಬಿಟ್ಟು ಇನ್ನೆಲ್ಲಿಯೂ ಒಲ್ಲೆ ಎಂದು ಮಗಳು ಹೇಳಿದ್ದಾಳೆ. ನನ್ನ ಪ್ರಶ್ನೆಯನ್ನು ಅಲ್ಲಿಯೇ ವಿಲೇವಾರಿ ಮಾಡಿ, ಕಾರ್ಡನ್ನು ಮತ್ತೊಮ್ಮೆ ತೆರೆದು ನೋಡಿದೆ.

ಶಿರಸ್ತೇದಾರರು ಉದಾರಿಗಳು. “ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ ಸರ? ಪೊಲೀಸರಿಗಿ ಒಂದು ಮಾತು ಹೇಳ್ತೀವಿ. ಯಾರೂ ತಡಿಯಂಗಿಲ್ಲ. ಖುಷಿಲಿಂದ ಲಗ್ನ ಮಾಡ್ರಿ.”

“ಅದೇ ಬ್ಯಾಡ್ರಿ,” ಎಂದರು ಸರ್. “ನೀವು ಕಣ್ಣು ಮುಚ್ಚಿದ್ರ ನನ್ನ ಮಗಳ ಲಗ್ನ ಆಗ್ತದ, ಖರೆ. ನಡುವ ಯಾರರ ಕಣ್ಣು ತೆರದ್ರ? ಪಾದ್ರಿಯವರು ವರ-ವಧುವಿನ ಒಪ್ಪಿಗಿ ಕೇಳೂ ಹೊತ್ತಿನ್ಯಾಗ ‘ಎದ್ದೇಳ್ರಿ’ ಅಂದ್ರ? ಮೆಹರ್ಬಾನಿ ಬ್ಯಾಡ್ರಿ, ಕಾಗದ ಕೊಡ್ರಿ.”

ನಾನು ಆದೇಶವನ್ನು ಸಮರ್ಥಿಸಿಕೊಳ್ಳಲು ಕಡೆಯ ಪ್ರಯತ್ನ ಮಾಡಿದೆ. ನಕಲು ತಡೆಯಬೇಕಲ್ಲವೇ ಎಂದೆ. ಅದಕ್ಕೆ ಅವರು ಹೇಳಿದ ಮಾತನ್ನು ಯಥಾವತ್ತಾಗಿ ದಾಖಲಿಸುವುದು ನನ್ನ ಕರ್ತವ್ಯ.

“ತಡೀಬೇಕರಿ. ಅದರಾಗೇ ನನ್ನ ಆಯುಷ್ಯ ಹೋಗ್ಯಾದ. ನಾ ಮೊದಲನೇ ಸಲ ಪರೀಕ್ಷಾ ನಡಸಿದಾಗ ಖಿಡಕಿಲಿಂದ ಚೀಟಿ ಬರ್ತಿದ್ದವು. ನಾ ಎಲ್ಲಾ ಖಿಡಕಿ ಮುಚ್ಚಿಸಿಬಿಟ್ಟೆ. ಒಂದೂ ಚೀಟಿ ಬರ್ಲಿಲ್ಲ. ಆದರ ಅರ್ಧಾ ಹೊತ್ತಿನ್ಯಾಗ ಒಬ್ಬ ಪೋರಿ ಚಕ್ಕರ್ ಬಂದು ಬಿದ್ದಳು. ಉಳಿದವರ ಬೆವರಿಗಿ ಉತ್ತರಪತ್ರಿಕೆ ಶಾಯಿ ಹರಡಿತ್ತು. ಆ ಪೋರಿಗಿ ನೀರು ಕುಡಿಸಿ ಕುಂದ್ರಿಸಿದ್ರ ಅಕಿ ನನಗೇ ಪಾಠ ಹೇಳಿದಳು, ‘ಸರ, ಚೀಟಿ ಕೆಳಗಿಂದ ಬರ್ತಾವ, ಗಾಳಿ ಮ್ಯಾಲಿಂದ ಬರ್ತದ. ಮ್ಯಾಲಿಂದು ಯಾಕ ಮುಚ್ಚೀರಿ?’ ಅಂತ. ಅವತ್ತಿಂದ ಕೆಳಗಿನ ಕದ ಮುಚ್ಚಿದೆ, ಮ್ಯಾಲಿಂದು ತೆರದಿಟ್ಟೆ.”

“ಮ್ಯಾಲಿಂದ ಒಗದ್ರ?” ಎಂದು ಶಿರಸ್ತೇದಾರರು ಪಟ್ಟು ಹಿಡಿದರು.

“ಒಗೀತಿದ್ರು, ಒಬ್ಬಿಬ್ಬರು. ಅದಕ್ಕ ಹೊರಗ ಒಬ್ಬ ಶಿಪಾಯಿಗಿ ನಿಂದ್ರಿಸಿದೆ. ಶಿಪಾಯಿಗಿ ನಿಂದ್ರಿಸೋದು ತ್ರಾಸು, ಕದ ಮುಚ್ಚೋದು ಸಸಾರ. ಸಸಾರ ಇದ್ದದ್ದೇ ಸರಿ ಅಂತ ನಾ ತಿಳ್ಕೊಂಡಿದ್ದೆ ನೋಡ್ರಿ.”

ಪ್ರಿಯ ಓದುಗರೇ, ನಾನು ಇಲಾಖಾ ಪರೀಕ್ಷೆಗೆಂದು ಒಂದು ಕಾಲದಲ್ಲಿ ಸಂವಿಧಾನವನ್ನು ಕಂಠಪಾಠ ಮಾಡಿದವನು. ಆಯುಧಗಳಿಲ್ಲದೆ ಶಾಂತಿಯಿಂದ ಸಭೆ ಸೇರುವುದು ನಾಗರಿಕನ ಹಕ್ಕು; ಅದರ ಮೇಲೆ ಸರ್ಕಾರವು ‘ಯುಕ್ತ ನಿರ್ಬಂಧ’ ಹೇರಬಹುದು. ಅಂಕಗಳು ಚೆನ್ನಾಗಿಯೇ ಬಂದವು. ಆದರೆ ಆ ಎರಡು ಪದಗಳಲ್ಲಿ ಎರಡನೆಯದರ ಮೇಲೆ ಇಪ್ಪತ್ತಾರು ವರ್ಷ ಊಟ ಮಾಡಿದ ನಾನು, ಮೊದಲನೆಯದರ ಕಡೆಗೆ ತಿರುಗಿಯೂ ನೋಡಿರಲಿಲ್ಲ. ನಿರ್ಬಂಧ ನನ್ನ ಅನ್ನ, ಯುಕ್ತವೆಂಬುದು ಎಲೆಯ ತುದಿಯ ಉಪ್ಪಿನಂತೆ ಮುಟ್ಟದೆ ಉಳಿದಿತ್ತು. ನ್ಯಾಯಾಲಯಗಳು ಇದಕ್ಕೆ ಪ್ರಮಾಣಬದ್ಧತೆ ಎಂಬ ಭಾರವಾದ ಹೆಸರಿಟ್ಟಿವೆಯಂತೆ: ಉದ್ದೇಶ ಒಳ್ಳೆಯದಿದ್ದರೆ ಸಾಲದು, ಹಿಡಿದ ದಾರಿ ಆ ಉದ್ದೇಶಕ್ಕೆ ಮುಟ್ಟಬೇಕು, ಅದಕ್ಕಿಂತ ಹಗುರವಾದ ದಾರಿಯಿದ್ದರೆ ಅದನ್ನೇ ಹಿಡಿಯಬೇಕು, ಕೊನೆಗೆ ತಡೆದದ್ದಕ್ಕಿಂತ ಕಳೆದದ್ದು ಹೆಚ್ಚಾಗಬಾರದು. ಇಷ್ಟನ್ನೂ ಚಕ್ಕರು ಬಂದು ಬಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ಕೂತು ಒಂದೇ ಉಸಿರಿನಲ್ಲಿ ಹೇಳಿದ್ದಳು. ಅವಳು ಆ ಪರೀಕ್ಷೆಯಲ್ಲಿ ಪಾಸಾದಳೇ ಎಂದು ಕೇಳುವುದನ್ನು ಮರೆತೆ. ಆಗಿರಲಿ ಎಂದು ಈಗಲೂ ಹಾರೈಸುತ್ತೇನೆ.

ತಿದ್ದುಪಡಿ ಆದೇಶವಾಗಬೇಕಾದರೆ ತಪ್ಪು ಯಾರದೆಂದು ಟಿಪ್ಪಣಿಯಲ್ಲಿ ಬರೆಯಬೇಕು. ‘ಕಣ್ತಪ್ಪಿನಿಂದ’ ಎಂಬ ಪದ ಇಂಥ ಸಂದರ್ಭಗಳಿಗಾಗಿಯೇ ಹುಟ್ಟಿದ್ದು. ಅದನ್ನು ಬರೆದೆ, ಮತ್ತೆ ಹೊಡೆದೆ. ಕಣ್ಣು ಎಲ್ಲವನ್ನೂ ನೋಡಿತ್ತು, ಅದು ತಪ್ಪಿರಲಿಲ್ಲ. ‘ವಿಷಯ ನಿರ್ವಾಹಕನಾದ ನಾನು ಅಗತ್ಯವನ್ನು ಪರಿಶೀಲಿಸದೆ ಕರಡು ಮಂಡಿಸಿರುತ್ತೇನೆ’ ಎಂದು ಬರೆದು, ಕಾರಣ ಕೇಳುವ ನೋಟಿಸಿಗೆ ಮನಸ್ಸಿನಲ್ಲಿಯೇ ಉತ್ತರ ಸಿದ್ಧಪಡಿಸುತ್ತ, ಸಾಹೇಬರ ಕೋಣೆಗೆ ಹೋದೆ. ಅವರು ಆದೇಶ, ಟಿಪ್ಪಣಿ ಎರಡನ್ನೂ ಓದಿದರು.

“ಪರೀಕ್ಷಾ ಒಂದೂವರಿಗಿ ಮುಗೀತದ. ಸಂಜಿ ಆರರ ತನಕ ಯಾಕ್ರಿ?”

“ಮೊಬೈಲಿಗಿ ಬಂದ ಮಾದರಿದಾಗ ಹಂಗ ಇತ್ತ್ರಿ ಸಾಹೇಬ್ರ.”

“ಅದರಾಗ ಊರೂ ಬ್ಯಾರೆ ಇತ್ತಲ್ಲ. ಅದೊಂದು ಬದಲಿ ಮಾಡೀರಿ, ಶಾಣ್ಯಾರು!” ಎಂದರು, ನನಗೆ ಸಿಕ್ಕ ಶಿಕ್ಷೆ ಇಷ್ಟೇ. ಬಳಿಕ ಅವರೇ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಪರೀಕ್ಷೆಯಿರುವ ದಿನ ಮಾತ್ರ, ಎಂಟರಿಂದ ಎರಡರವರೆಗೆ, ನೂರು ಮೀಟರ್. ಆ ಹೊತ್ತಿನಲ್ಲಿ ಝೆರಾಕ್ಸ್ ಅಂಗಡಿ ಬಂದ್. ಕೇಂದ್ರದ ಗೋಡೆ ಕಿಟಕಿಗಳ ಬಳಿ ಗುಂಪು ಸೇರುವಂತಿಲ್ಲ. ಪೂಜೆ ಪ್ರಾರ್ಥನೆ, ಲಗ್ನ, ಶವಯಾತ್ರೆ, ಮಯ್ಯತ್ತುಗಳಿಗೆ ಅಡ್ಡಿಯಿಲ್ಲ. ಹಿಂದಿನದು ಎರಡು ಪುಟವಿತ್ತು. ಇದು ಅರ್ಧ ಪುಟಕ್ಕೆ ಮುಗಿಯಿತು. ಇಷ್ಟು ಚಿಕ್ಕ ಆದೇಶ ಗಟ್ಟಿಯಾಗಿ ನಿಂತೀತೇ ಎಂದು ನನಗೆ ಭಯ.

ಸರ್ ಇನ್ನೊಂದು ಮಾತು ಸೇರಿಸಿದ್ದರು: ಉತ್ತರಪತ್ರಿಕೆಗಳ ಸೀಲು ಮಾಡಿದ ಗಂಟು ಗೇಟು ದಾಟುವವರೆಗೆ ಚರ್ಚಿನ ಗಂಟೆ ಬಾರಿಸುವುದಿಲ್ಲ, ಹಾಡು ಎತ್ತುವುದಿಲ್ಲ. ಅದನ್ನೂ ಆದೇಶದಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ ಸಾಹೇಬರು, “ಅದು ಅವರ ದೊಡ್ಡತನ, ನಮ್ಮ ಹುಕುಂ ಅಲ್ಲ,” ಎಂದರು.

ಸರ್ ಕಾಗದವನ್ನು ನಿಂತಲ್ಲಿಯೇ ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, “ಥ್ಯಾಂಕ್ಸ್ ಹೇಳಂಗಿಲ್ಲರಿ. ಇದು ಮೊದಲೇ ನಂದಿತ್ತು,” ಎಂದು ಮೊದಲ ಬಾರಿ ನಕ್ಕರು. “ಲಗ್ನಕ್ಕ ಬಂದ್ರ ಮಾತ್ರ ಹೇಳ್ತೀನಿ.”

ಹೋದೆ. ನಾಲ್ಕು ಗಂಟೆಗೆ ಮದುವೆ. ಪರೀಕ್ಷೆ ಬರೆಯಲು ಬಂದಿದ್ದ ಠಾಣಾ ಕುಶನೂರ ಕಡೆಯ ಮಕ್ಕಳೆಲ್ಲ ಆಗಲೇ ಬಸ್ಸು ಹಿಡಿದಿದ್ದರು. ಆದರೆ ಗಂಟುಗಳನ್ನು ಒಯ್ಯಬೇಕಾದ ಜೀಪು ದಾರಿಯಲ್ಲಿ ಎಲ್ಲಿಯೋ ನಿಂತುಬಿಟ್ಟಿತ್ತು. ನಾಲ್ಕಾಯಿತು, ನಾಲ್ಕೂಕಾಲಾಯಿತು. ಕಾಯ್ದೆಯ ಪ್ರಕಾರ ಎರಡು ಗಂಟೆಗೇ ಎಲ್ಲ ನಿರ್ಬಂಧ ಮುಗಿದಿತ್ತು. ಯಾರೂ ಯಾರನ್ನೂ ತಡೆದಿರಲಿಲ್ಲ. ಆದರೂ ನೂರೈವತ್ತು ಜನ ಚರ್ಚಿನ ಅಂಗಳದಲ್ಲಿ ಪಿಸುಮಾತಿನಲ್ಲಿ ನಿಂತಿದ್ದರು. ಬಿಳಿ ಸೀರೆಯ ಸುನೀತಾ ಮೆಟ್ಟಿಲ ಬಳಿ ತಂದೆಯ ಕೈ ಹಿಡಿದು ನಿಂತು, “ಅಪ್ಪಾ, ನಿಮ್ಮ ಪರೀಕ್ಷಾ ಇನ್ನೂ ಮುಗೀವಲ್ದೇನು?” ಎಂದಳು. ಕಡೆಗೂ ಜೀಪು ಬಂತು, ಗಂಟುಗಳನ್ನು ಹೇರಿಕೊಂಡಿತು, ಗೇಟು ದಾಟಿತು. ಚರ್ಚಿನ ಗಂಟೆ ಮೊಳಗಿತು. ನಾನು ಅಭ್ಯಾಸಬಲದಿಂದ ಒಳಹೋಗುವವರನ್ನು ಎಣಿಸತೊಡಗಿ, ಐದಕ್ಕೆ ತಲುಪಿದೊಡನೆ ನಿಲ್ಲಿಸಿದೆ. ಆರನೆಯವರಾಗಿ ಮಗಳ ಕೈ ಹಿಡಿದು ಪ್ರೇಮದಾಸ ಸರ್ ಒಳಗೆ ನಡೆದರು. ನನ್ನ ಪಕ್ಕದಿಂದ ಹಾಯುವಾಗ, ತಲೆ ತಿರುಗಿಸದೆ, “ಥ್ಯಾಂಕ್ಸ್‌ರೀ,” ಎಂದರು.

ಅಂದು ಸಂಜೆ ಬೀದರಿಗೆ ಮರಳಿದವನು ಕೈಕಾಲು ತೊಳೆಯುವುದಕ್ಕೂ ಮುನ್ನ ಕಿಟಕಿಯ ಮೇಲಿನ ಕದಗಳಿಗೆ ಕೈಹಾಕಿದೆ. ಹನ್ನೊಂದು ವರ್ಷದ ತುಕ್ಕು. ಕೊಬ್ಬರಿ ಎಣ್ಣೆ ಬಿಟ್ಟು, ಲಟ್ಟಣಿಗೆಯಿಂದ ಬಡಿದ ಮೇಲೆ ಚಿಲಕ ಸರಿಯಿತು. ಗಾಳಿ ಒಳಬಂತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ನನ್ನ ಅರ್ಜಿ ಇವತ್ತು ಮಂಜೂರಾಯ್ತೇನ್ರಿ?” ಎಂದಳು. ಲಟ್ಟಣಿಗೆಯನ್ನು ಒರೆಸಿ ಅವಳ ಕೈಗಿತ್ತೆ.

ಆಡು ಈಗಲೂ ಬರುತ್ತದೆ. ಮುಚ್ಚಿದ ಕೆಳಗಿನ ಕದಕ್ಕೆ ಗೊರಸು ಕುಟ್ಟಿ, ನಿರಾಶೆಯಿಂದ ಒಂದೆರಡು ಮಾತಾಡಿ ಹೋಗುತ್ತದೆ. ಪತ್ರಿಕೆ ಉಳಿದಿದೆ. ಆದರೆ ಮೇಲಿನಿಂದ ಬೀಸುವ ಗಾಳಿಗೆ ಹಾಳೆಗಳು ಹಾರುವುದರಿಂದ, ಎಡಗೈಯಿಂದ ಒತ್ತಿ ಹಿಡಿದುಕೊಂಡೇ ಓದಬೇಕು. ಸ್ವಲ್ಪ ತ್ರಾಸು. ಹಿಡಿದುಕೊಂಡು ಓದುತ್ತೇನೆ.