ಒಂಬತ್ತನೇ ಕುಳಿಯ ಕೆಳಗಿನ ಬಾವಿ

ಮಾದೇವಿ ಹುಟ್ಟಿದ್ದು, ಈರುಳ್ಳಿ ಬೆಳೆದದ್ದು, ಈಗ ಸಂಬಳಕ್ಕೆ ಹುಲ್ಲು ಕತ್ತರಿಸುತ್ತಿರುವುದು ಎಲ್ಲವೂ ಒಂದೇ ನೆಲದಲ್ಲಿ. ಕುಮಟಾ ತಾಲೂಕಿನ ಸಮುದ್ರದಂಚಿನ ಬೇಲೆಹಿತ್ಲು ಎಂಬ ಆ ಊರಿನಲ್ಲಿ ಈಗೊಂದು ರೆಸಾರ್ಟು, ಅದರ ಮಗ್ಗುಲಿಗೆ ಒಂಬತ್ತು ಕುಳಿಗಳ ಗಾಲ್ಫ್ ಮೈದಾನ. ಗಾಲ್ಫ್ ಅಂದರೆ ಎಂತ ಎಂದು ಊರಿನ ಹೆಂಗಸರು ಕೇಳಿದರೆ ಮಾದೇವಿ ಹೇಳುವುದು ಇಷ್ಟೇ: ಉದ್ದನೆಯ ಕೋಲಿನಿಂದ ಪುಟ್ಟ ಚೆಂಡನ್ನು ಹೊಡೆಯುವುದು, ಅದರ ಹಿಂದೆ ಬಿಸಿಲಲ್ಲಿ ನಡೆಯುವುದು, ಕೊನೆಗೆ ಅದನ್ನು ಒಂದು ಕುಳಿಗೆ ಬೀಳಿಸುವುದು. ಕಡಿಮೆ ಪೆಟ್ಟಿನಲ್ಲಿ ಬೀಳಿಸಿದವನು ಗೆದ್ದ. ಅವಳು ಆ ಕೋಲನ್ನು ಒಮ್ಮೆಯೂ ಬೀಸಿದವಳಲ್ಲ. ಆದರೆ ಕುಳಿ ಎಲ್ಲಿರಬೇಕೆಂದು ನಿರ್ಧರಿಸುವವಳು ಅವಳೇ.

ಗಾಲ್ಫಿನ ಕುಳಿ ಒಂದೇ ಕಡೆ ಇರುವುದಿಲ್ಲ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಂದೇ ಕಡೆ ಇದ್ದರೆ ಸುತ್ತಲಿನ ಹುಲ್ಲು ಕಾಲ್ತುಳಿತಕ್ಕೆ ಸತ್ತುಹೋಗುತ್ತದೆ. ಹಾಗಾಗಿ ಬೆಳಗಾಗುತ್ತಲೇ ಹಳೆಯ ಕುಳಿಯನ್ನು ಹುಲ್ಲು ಸಮೇತ ಮಣ್ಣಿನ ಬಿಲ್ಲೆಯಿಂದ ಮುಚ್ಚಿ, ನಾಲ್ಕು ಹೆಜ್ಜೆ ಆಚೆಗೋ ಈಚೆಗೋ ಹೊಸದನ್ನು ಕೊರೆಯಬೇಕು. ಮಾದೇವಿಗೆ ಆ ಕೆಲಸ ಸಿಕ್ಕಿ ನಾಲ್ಕು ವರ್ಷವಾಯಿತು. ಮ್ಯಾನೇಜರ್ ವಿಘ್ನೇಶ್ವರ ಹೆಗಡೆ ಘಟ್ಟದ ಮೇಲಿನ ಸೀಮೆಯವನು, ಎರಡು ವರ್ಷದ ಹಿಂದೆ ಬಂದವನು, ಒಳ್ಳೆಯವನು. ಅವಳ ಕೈಗೆ ಮೈದಾನ ಒಪ್ಪಿಸಿ ತಾನು ಕಂಪ್ಯೂಟರಿನ ಮುಂದೆ ನಿಶ್ಚಿಂತೆಯಿಂದ ಕೂತಿದ್ದ. ವಾರದ ಆರು ದಿನ ಅವಳು ಕುಳಿಯನ್ನು ನಿಯತ್ತಿನಿಂದ ಬೇರೆ ಬೇರೆ ಕಡೆ ಕೊರೆಯುತ್ತಿದ್ದಳು. ಶನಿವಾರ ಮಾತ್ರ ಒಂಬತ್ತನೆಯದನ್ನು ಒಂದು ತಗ್ಗಿನ ಹಿಂದೆ ಕೊರೆಯುತ್ತಿದ್ದಳು. ಯಾಕೆಂದರೆ ಶನಿವಾರ ರಮಾನಂದ ಮಾಸ್ತರು ಆಡಲು ಬರುತ್ತಿದ್ದರು.

ಮಾಸ್ತರು ಬೇಲೆಹಿತ್ಲಿನ ಶಾಲೆಯ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಮಾದೇವಿಗೆ ಏಳನೆಯ ತರಗತಿಯವರೆಗೆ ಕಲಿಸಿದವರು. ಆಗ ಶಾಲೆಗೆ ನೀರು ಹೋಗುತ್ತಿದ್ದುದು ಮಾದೇವಿಯ ತಾಯಿ, ಅವಳು ಅವ್ವಿ ಎಂದು ಕರೆಯುತ್ತಿದ್ದ ಸೋಮಿಯ ಬಾವಿಯಿಂದ. ಚಿರೆಕಲ್ಲು ಕಟ್ಟಿದ, ಮೆಟ್ಟಿಲಿದ್ದ, ಮೇ ತಿಂಗಳಲ್ಲೂ ಬತ್ತದ ಬಾವಿ. ಸೋಮಿ ಎರಡೂ ಕೈಯಲ್ಲಿ ಕೊಡ ಹಿಡಿದು ಇಳಿದು ಹತ್ತಿ, ಮರಳಿನ ಗದ್ದೆಯ ಈರುಳ್ಳಿಗೆ ನೀರು ಚಿಮುಕಿಸುತ್ತಿದ್ದಳು. ಮಧ್ಯಾಹ್ನ ಮಾಸ್ತರರ ಮೇಜಿನ ಮೇಲಿನ ತಂಬಿಗೆ ತುಂಬಿಸಿ ಇಡುವ ಸರದಿ ಎಷ್ಟೋ ಸಲ ಮಾದೇವಿಯದೇ ಆಗಿತ್ತು. ಇಂಥ ಸಿಹಿ ನೀರು ಹೊನ್ನಾವರದಿಂದ ತದಡಿಯವರೆಗೆ ಹುಡುಕಿದರೂ ಸಿಗದು ಎಂದು ಮಾಸ್ತರರೇ ತರಗತಿಯಲ್ಲಿ ಹೊಗಳಿದ್ದರು.

ನೆಲ ಅಜ್ಜನ ಕಾಲದಿಂದ ಸಾಗುವಳಿಯಲ್ಲಿದ್ದರೂ ಕಾಗದದಲ್ಲಿ ಸರ್ಕಾರದ್ದು. ನಮ್ಮ ಕರಾವಳಿಯಲ್ಲಿ ಇಂಥ ನೆಲ ಉಳುವವರು ಮನೆಗೊಬ್ಬರಿದ್ದಾರೆ. ರೆಸಾರ್ಟಿಗೆ ಜಾಗ ಬೇಕೆಂಬ ಸುದ್ದಿ ಬಂದಾಗ ಸೋಮಿಯ ಕೈಯಲ್ಲಿದ್ದ ಸಾಕ್ಷಿ ಒಂದೇ, ಆ ಬಾವಿ. ಕಲ್ಲು ಕಟ್ಟಿದ ಹಳೇ ಬಾವಿ ಇದೆ ಎಂದರೆ ಅಲ್ಲಿ ಹಿಂದಿನಿಂದ ಬೇಸಾಯ ಇತ್ತು ಎಂದು ಯಾರಾದರೂ ಒಪ್ಪಬೇಕು. ಮನೆಯವರೆಲ್ಲ ಸಂತೆಗುಳಿಗೆ ಮದುವೆಗೆ ಹೋಗಿದ್ದ ದಿನ ಜೆಸಿಬಿ ಬಂತು. ತಿರುಗಿ ಬಂದು ನೋಡಿದರೆ ಬಾವಿ ಇದ್ದಲ್ಲಿ ಮರಳು. ತೆಂಗಿನ ಮಡಲು, ಬೊಡ್ಡೆ, ಏನು ಸಿಕ್ಕಿತೋ ಅದನ್ನೆಲ್ಲ ತುಂಬಿ ಮೇಲಿಂದ ಮರಳು ಎಳೆದಿದ್ದರು.

ವಾರದ ನಂತರ ಪಂಚನಾಮೆಗೆ ಅಧಿಕಾರಿ ಬಂದ. ಇಲ್ಲಿ ಬಾವಿ ಇತ್ತು ಎಂದು ಸೋಮಿ ಮರಳನ್ನು ಕೈಯಿಂದ ಬಗೆದು ತೋರಿಸತೊಡಗಿದಳು. ಅಧಿಕಾರಿ ಊರಿನ ಹಿರಿಯರೆಂದು ಮಾಸ್ತರರ ಕಡೆ ತಿರುಗಿದ.

"ಬಾವಿ ಎಲ್ಲಿಂದ ಬಂತು? ಮಳೆಗಾಲದಲ್ಲಿ ನೀರು ನಿಲ್ಲೋ ಹೊಂಡ ಇತ್ತು," ಎಂದರು ಮಾಸ್ತರು. "ಮುದುಕಿ ಸುಳ್ಳು ಹೇಳ್ತದೆ."

ಹೇಳಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಸಹಿ ಹಾಕಿದರು. ಅಧಿಕಾರಿ ಬೇರೆ ಯಾರನ್ನೂ ಕೇಳಲಿಲ್ಲ. ಮೈದಾನ ತಯಾರಾದ ದಿನ ಊರಿನಿಂದ ಅದರ ಆಜೀವ ಸದಸ್ಯರಾದವರು ಅವರೊಬ್ಬರೇ. ಬಿಳೀ ಟೊಪ್ಪಿ, ಬಿಳೀ ಬೂಟು, ಕೈಗೊಂದು ಗ್ಲೌಸು. ನಾಚಿಕೆಯನ್ನು ಎಲ್ಲಿ ಬಿಚ್ಚಿಟ್ಟು ಬಂದರೋ ದೇವರೇ ಬಲ್ಲ.

ಸೋಮಿಗೆ ನೆಲ ಹೋದದ್ದಕ್ಕಿಂತ ಆ ಮಾತೇ ಹೆಚ್ಚು ನಾಟಿತು. ಮೇಲ್ಮನವಿ ಹಾಕಿದಳು, ತಾರೀಕಿಗೆಲ್ಲ ಕುಮಟಾಕ್ಕೆ ನಡೆದಳು. ಪೇಟೆಯಲ್ಲಿ ಬಸಳೆ ಮಾರಲು ಕೂತರೂ ಬಾವಿ ಕಂಡ ಮುದುಕಿ ಬಂದಳು ಎಂದು ಜನ ನಗುತ್ತಿದ್ದರು. ಎರಡು ಮಳೆಗಾಲ ಹೀಗೆ ಕಳೆದವು. ಕೊನೆಕೊನೆಗೆ ಎರಡು ಕೊಡ ಹಿಡಿದು ರೆಸಾರ್ಟಿನ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಸಾಯುವ ದಿನವೂ ಮಾದೇವಿಯ ಕೈ ಹಿಡಿದು ಅದನ್ನೇ ಅಂದಳು. "ನಾ ಸುಳ್ಳು ಹೇಳ್ದವಳಲ್ಲ, ಮಗಾ."

ಅವತ್ತು ಮಾದೇವಿ ಒಂದು ತೀರ್ಮಾನ ಮಾಡಿದಳು. ಬಾವಿ ಇತ್ತು ಎಂದು ಮಾಸ್ತರರ ಬಾಯಿಂದಲೇ ಹೇಳಿಸಬೇಕು, ನಾಲ್ಕು ಜನರ ಎದುರು. ನೆಲ ಬರಲಿ, ಬಿಡಲಿ. ರೆಸಾರ್ಟಿನವರು ಊರವರನ್ನು ಹುಲ್ಲಿನ ಕೆಲಸಕ್ಕೆ ಕರೆದಾಗ ಮೊದಲು ಹೋಗಿ ನಿಂತವಳು ಅವಳೇ. ಮಾನಗೆಟ್ಟವಳು ಎಂದು ಕೆಲವರು ಅಂದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೈದಾನದಲ್ಲಿ ಮಾಸ್ತರರು ಮತ್ತೆ ಮಾಸ್ತರರೇ ಆಗಿದ್ದರು. ಹೊಸಬರು ಯಾರೇ ಬರಲಿ, ಬೇಡವೆಂದರೂ ಪಾಠ. 'ಚೆನ್ನಾಗಿ ಆಡಿ, ಖುಷಿಯಾಗಿ ಆಡಿ' ಎಂದು ಹತ್ತು ಸುಲಭ ಸಲಹೆಗಳನ್ನು ಬರೆದು, ಗಾಜು ಹಾಕಿಸಿ, ಕ್ಲಬ್ಬಿನ ಜಗಲಿಯ ಗೋಡೆಗೆ ತೂಗುಹಾಕಿದ್ದರು. ಮಾದೇವಿ ಕಸ ಗುಡಿಸುತ್ತ ಅವನ್ನು ಓದಿ ಓದಿ ಬಾಯಿಪಾಠ ಮಾಡಿಕೊಂಡಿದ್ದಳು. ಕೋಲನ್ನು ಪೆನ್ಸಿಲ್ ಹಿಡಿದಷ್ಟೇ ಬಿಗಿ ಹಿಡಿಯಿರಿ. ಇದ್ದ ಬಲವನ್ನೆಲ್ಲ ಒಂದೇ ಪೆಟ್ಟಿಗೆ ಸುರಿಯಬೇಡಿ. ಹೊಡೆದ ಮೇಲೂ ಕಣ್ಣು ಚೆಂಡು ಇದ್ದ ಜಾಗದಲ್ಲೇ ಇರಲಿ. ಹನ್ನೊಂದು ಗಂಟೆಯ ಮೇಲೆ ಗಾಳಿ ಸಮುದ್ರದಿಂದ ಬರುತ್ತದೆ, ಅದನ್ನು ಮರೆಯಬೇಡಿ. ಕುಳಿಯ ಹತ್ತಿರ ಬಂದಾಗ ಸುತ್ತ ನಡೆದು ಅಂಗಾಲಿನಿಂದ ಇಳಿಜಾರು ತಿಳಿಯಿರಿ. ಗಡಿಬಿಡಿ ಬೇಡ. ಹತ್ತನೆಯದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು: ಸೋತರೆ ನೆಲವನ್ನು ದೂರಬೇಡಿ, ಆಟದ ಖುಷಿಯೇ ಹೋಗುತ್ತದೆ.

ಒಳ್ಳೆಯ ಸಲಹೆಗಳು, ಸುಳ್ಳು ಹೇಳಬಾರದು. ಮಾದೇವಿ ಒಂದನ್ನೂ ಬಿಡದೆ ಪಾಲಿಸಿದಳು. ಗಡಿಬಿಡಿ ಮಾಡಲಿಲ್ಲ. ಬಲ ತೋರಿಸಲಿಲ್ಲ. ಬರಿಗಾಲಿನಲ್ಲಿ ಮೈದಾನವಿಡೀ ನಡೆದಳು. ಒಂಬತ್ತನೆಯ ಕುಳಿಯ ಹಾಸುಹುಲ್ಲಿನ ಮೇಲೆ ಕಾಲಿಟ್ಟಾಗ ಅಂಗಾಲಿಗೆ ಗೊತ್ತಾಯಿತು. ಕ್ಲಬ್ಬಿನ ಜಗಲಿಯ ಎದುರಿಗೇ ಇದ್ದ ಆ ಹುಲ್ಲಿನ ಕೆಳಗೇ ಅವ್ವಿಯ ಬಾವಿ. ಒಳಗೆ ತುಂಬಿದ್ದ ಮಡಲು, ಬೊಡ್ಡೆ ಕೊಳೆತು ಪ್ರತಿ ಮಳೆಗಾಲ ನೆಲ ಅರ್ಧ ಬೆರಳು ಕುಸಿಯುತ್ತಿತ್ತು. ಮರಳು ಹಾಕಿ ಮಟ್ಟ ಮಾಡುವ ಕೆಲಸವೂ ಅವಳದೇ. ಅವಳು ಮಾಡಿದಳು, ಆದರೆ ಪೂರಾ ಮಾಡಲಿಲ್ಲ. ಕಣ್ಣಿಗೆ ಕಾಣದಷ್ಟು, ಚೆಂಡಿಗೆ ತಿಳಿಯುವಷ್ಟು ಬಿಟ್ಟಳು. ಶನಿವಾರ ಬೆಳಿಗ್ಗೆ ಪೊದೆಯಲ್ಲಿ ಸಿಕ್ಕ ಒಂದು ಹಳೇ ಚೆಂಡನ್ನು ಕೈಯಿಂದ ಉರುಳಿಸಿ, ಅದು ಬಲಕ್ಕೆ ತಿರುಗಿ ಕುಳಿಯನ್ನು ತಪ್ಪಿಸುವುದನ್ನು ನೋಡಿ, ಅಲ್ಲಿ ಬಾವುಟದ ಕೋಲು ನೆಡುತ್ತಿದ್ದಳು.

ತಗ್ಗು ಎಲ್ಲರನ್ನೂ ಕಾಡಿತು. ಉಳಿದವರು ನಕ್ಕು, ಮುಂದಿನ ಸಲ ಎಡಕ್ಕೆ ಹೊಡೆದರು. ಮಾಸ್ತರರು ಮಾತ್ರ ಸೀದಾ ಹೊಡೆದರು. ಎಡಕ್ಕೆ ಹೊಡೆದರೆ ಅಲ್ಲೊಂದು ತಗ್ಗಿದೆ ಎಂದು ಒಪ್ಪಿದಂತೆ. ತಗ್ಗು ಯಾಕಿದೆ ಎಂದು ಇಡೀ ಕ್ಲಬ್ಬಿನಲ್ಲಿ ಗೊತ್ತಿದ್ದವರು ಇಬ್ಬರೇ, ಅವರು ಮತ್ತು ಹುಲ್ಲು ಕತ್ತರಿಸುವ ಹೆಂಗಸು. ಒಂದು ಶನಿವಾರ ಮಾಸ್ತರರು ಬೂಟಿನ ಹಿಮ್ಮಡಿಯಿಂದ ಅಲ್ಲಿ ಒತ್ತಿ ನೋಡಿ, ತಲೆಯೆತ್ತಿದರೆ ಎದುರಿಗೆ ಮಾದೇವಿ. ಅವಳು ಕಣ್ಣು ತಪ್ಪಿಸಲಿಲ್ಲ. ಅವರೇ ತಪ್ಪಿಸಿದರು.

ಮೊದಲಿಗೆ ಎರಡು ವರ್ಷ ವಾರ್ಷಿಕ ಪಂದ್ಯದ ಕಪ್ಪು ಗೆದ್ದಿದ್ದ ಮಾಸ್ತರರಿಗೆ ಆಮೇಲೆ ಕಪ್ಪಿನ ಮುಖ ಕಾಣಲಿಲ್ಲ. ಎಂಟು ಕುಳಿಗಳವರೆಗೆ ಮುಂದಿರುತ್ತಿದ್ದರು. ಒಂಬತ್ತನೆಯದರಲ್ಲಿ ಚಹಾ ಕುಡಿಯುತ್ತ ಕೂತ ಜನರೆಲ್ಲರ ಎದುರು ಚೆಂಡು ತಿರುಗಿ ಹೋಗುತ್ತಿತ್ತು. ನಿದ್ದೆ ಕೆಡತೊಡಗಿತಂತೆ. ಅದನ್ನು ಕೇಳಿ ಮಾದೇವಿಗೆ ಒಮ್ಮೆ ಅಯ್ಯೋ ಅನಿಸಿದ್ದುಂಟು. ಸಂಜೆ ಮನೆಯಲ್ಲಿ ಅವ್ವಿಯ ಖಾಲಿ ಕೊಡಗಳನ್ನು ನೋಡಿದ ಮೇಲೆ ಆ ಅಯ್ಯೋ ಹೊರಟುಹೋಯಿತು.

ಈ ವರ್ಷದ ಕಪ್ಪಿಗೆ ಮಾಸ್ತರರ ಎದುರಿಗೆ ಕೊನೆಗೆ ಉಳಿದವಳು ಅವರ ಶಿಷ್ಯೆಯೇ, ಕುಮಟಾದ ಹಲ್ಲಿನ ಡಾಕ್ಟರು ಪ್ರಿಯಂವದಾ. ಒಂದು ವರ್ಷದಿಂದ ಅವರ ಹತ್ತಿರ ಕಲಿತವಳು. ಹಿಂದಿನ ಶನಿವಾರ ಅವಳು ಒಬ್ಬಳೇ ಅಭ್ಯಾಸಕ್ಕೆ ಬಂದಿದ್ದಾಗ, ಚೆಂಡು ಇಲ್ಲಿ ಯಾಕೆ ತಿರುಗುತ್ತದೆ ಎಂದು ಮಾದೇವಿಯನ್ನು ಕೇಳಿದ್ದಳು.

"ಮಾಸ್ತರರು ಹೇಳ್ಕೊಟ್ಟದ್ದೇ ಮಾಡಿ, ಡಾಕ್ಟ್ರಮ್ಮ. ಬೂಟು ತೆಗ್ದು ನಡ್ದು ನೋಡಿ," ಎಂದಿದ್ದಳು ಮಾದೇವಿ. "ಎಡಕ್ಕೆ ಎರಡು ಗೇಣು ಬಿಟ್ಟು ಮೆಲ್ಲಗೆ ತಳ್ಳಿ. ಅದಾಗೇ ಬತ್ತದೆ."

ಪಂದ್ಯದ ಶನಿವಾರ ಇಬ್ಬರೂ ಒಂಬತ್ತನೆಯ ಕುಳಿಗೆ ಸರಿಸಮ ಬಂದರು. ಜಗಲಿಯಲ್ಲಿ ಮೂವತ್ತು ಜನ. ಇಬ್ಬರ ಚೆಂಡೂ ಕುಳಿಯಿಂದ ಐದಾರು ಹೆಜ್ಜೆ ದೂರ. ಪ್ರಿಯಂವದಾ ಎಡಕ್ಕೆ ನೋಡಿ ಮೆಲ್ಲಗೆ ತಳ್ಳಿದಳು. ಚೆಂಡು ತಿರುಗಿ ಹೋಗಿ ಕುಳಿಯೊಳಗೆ ಬಿತ್ತು. ಮಾಸ್ತರರು ಸೀದಾ ಹೊಡೆದರು. ಚೆಂಡು ತಗ್ಗಿಗಿಳಿದು ಬಲಕ್ಕೆ ಹೊರಳಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಯಾರೋ ಒಬ್ಬರು, ಮಾಸ್ತರೇ, ನಿಮ್ಮ ಐದನೇ ಸಲಹೆ ನೀವೇ ಮರೆತಿರಿ ಎಂದು ನಕ್ಕರು. ಕೆಟ್ಟ ಮನಸ್ಸಿನ ನಗೆಯಲ್ಲ ಅದು. ಆದರೆ ನಲವತ್ತು ವರ್ಷ ಪಾಠ ಹೇಳಿದವರಿಗೆ ಪಾಠ ಬಾರದು ಎಂದರೆ ತಡೆದುಕೊಳ್ಳುವುದಾದರೂ ಹೇಗೆ?

ಮಾಸ್ತರರು ಕೋಲನ್ನು ನೆಲಕ್ಕೆ ಬಡಿದು, ತಪ್ಪು ತಮ್ಮ ಆಟದ್ದಲ್ಲ, ನೆಲದ್ದು ಎಂದರು. ವಿಘ್ನೇಶ್ವರ ಓಡಿ ಬಂದ. ನೆಲದ ಮೇಲೆ ದೂರಿದ್ದರೆ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು, ಕ್ಲಬ್ಬಿನ ನಿಯಮ, ಎಂದು ನಯವಾಗಿ ಹೇಳಿ ದೂರಿನ ಪುಸ್ತಕ ತರಿಸಿದ. ನೆಲಕ್ಕೇನಾಗಿದೆ ಎಂದೂ ಕೇಳಿದ.

"ಕೆಳಗೆ ಬಾವಿ ಅದೆ," ಮಾಸ್ತರರ ದನಿ ಜಗಲಿಯವರೆಗೆ ಕೇಳಿತು. "ಹಳೇ ಬಾವಿ. ಮುಚ್ಚಿದ್ದು ಕುಸೀತಾ ಅದೆ. ಇದರ ಮೇಲೆ ಯಾರು ಆಡ್ತಾರೆ?"

ಹೇಳಿದ ಸಿಟ್ಟಿನಲ್ಲೇ ಬರೆದರು, ಅದೇ ಮುತ್ತಿನಂಥ ಅಕ್ಷರ. ಸಹಿಯೂ ಆಯಿತು. ಮಾದೇವಿ ಕತ್ತರಿಸುವ ಯಂತ್ರ ಬಿಟ್ಟು ಹತ್ತಿರ ಬಂದು ನಿಂತಿದ್ದನ್ನು ಅವರು ಆಮೇಲೆ ನೋಡಿದರು.

"ಯಾರ ಬಾವಿ, ಮಾಸ್ತರೇ?"

ಮಾಸ್ತರರು ಪುಸ್ತಕದ ಕಡೆ ಕೈ ಚಾಚಿದರು, ಅಷ್ಟರಲ್ಲಿ ವಿಘ್ನೇಶ್ವರ ಅದನ್ನು ಮುಚ್ಚಿ ಕಂಕುಳಿಗೆ ಸೇರಿಸಿದ್ದ. ಅವಳು ಇನ್ನೊಮ್ಮೆ ಕೇಳಿದಳು. ಮೂವತ್ತು ಜೋಡಿ ಕಣ್ಣಿನ ಎದುರು ಮಾಸ್ತರರು ತುಟಿ ಒದ್ದೆ ಮಾಡಿಕೊಂಡು, ಸೋಮಿದು, ಅಂದರು.

ಆ ಪುಟದ ಫೋಟೋವನ್ನು ಮಾದೇವಿ ಮೊಬೈಲಿನಲ್ಲಿ ತೆಗೆದುಕೊಂಡಳು. ವಿಘ್ನೇಶ್ವರ ಅಡ್ಡ ಬರಲಿಲ್ಲ. ಕುಮಟಾದಲ್ಲಿ ಪ್ರಿಂಟು ತೆಗೆಸಿ, ಇನ್ನೂ ತೀರ್ಮಾನವಾಗದೆ ಬಿದ್ದಿದ್ದ ಅವ್ವಿಯ ಮೇಲ್ಮನವಿಯ ಕಡತಕ್ಕೆ ಸೇರಿಸಿದಳು. ಇಪ್ಪತ್ತು ದಿನಕ್ಕೆ ಮಾಸ್ತರರಿಗೆ ನೋಟೀಸು ಬಂತು, ಮಂಗಳವಾರ ಬಂದು ಹೇಳಿಕೆ ಕೊಡಬೇಕೆಂದು.

ಅದರ ಹಿಂದಿನ ಭಾನುವಾರ, ಮಟಮಟ ಮಧ್ಯಾಹ್ನ, ಮಾಸ್ತರರು ಟೊಪ್ಪಿಯಿಲ್ಲದೆ ನಡೆದುಕೊಂಡು ಅವಳ ಮನೆಗೆ ಬಂದರು. ನಮ್ಮ ಕಡೆ ಮನೆಗೆ ಬಂದವರಿಗೆ ಮಾತಿಗೂ ಮೊದಲು ಬೆಲ್ಲ, ನೀರು. ವೈರಿ ಬಂದರೂ ತಪ್ಪಿಸುವುದಿಲ್ಲ. ಮಾದೇವಿ ಒಳಗಿನಿಂದ ತಟ್ಟೆಯಲ್ಲಿ ಬೆಲ್ಲದ ತುಂಡು ತಂದು ಅವರ ಮುಂದೆ ಇಟ್ಟಳು. ಅಷ್ಟೇ ಇಟ್ಟಳು.

ಮಾಸ್ತರರು ವಯಸ್ಸಿನ ಮಾತಾಡಿದರು, ಮಾನದ ಮಾತಾಡಿದರು, ಸುಳ್ಳು ಪಂಚನಾಮೆ ಎಂದರೆ ತಮ್ಮ ಗತಿಯೇನು ಎಂದು ಕೇಳಿದರು, ಆ ಕಾಗದ ಹಿಂದಕ್ಕೆ ತೆಗೆದುಕೋ ಎಂದರು. ಬೆಲ್ಲ ಬಾಯಿಗಿಟ್ಟಿದ್ದರು, ಗಂಟಲು ಒಣಗಿ ಮಾತು ಸಿಕ್ಕಿಬಿತ್ತು. ಒಳಗೆ ಅವ್ವಿಯ ಎರಡು ಕೊಡ ಅವತ್ತು ತುಂಬಿಯೇ ಇದ್ದವು. ಬಾಗಿಲಿನಿಂದ ಇಬ್ಬರಿಗೂ ಕಾಣುತ್ತಿದ್ದವು.

"ಸ್ವಲ್ಪ ನೀರು ಕೊಡು, ಮಾದೇವಿ."

"ನಮ್ಮಲ್ಲಿ ಬಾವಿ ಇಲ್ಲ, ಮಾಸ್ತರೇ," ಅಂದಳು ಮಾದೇವಿ. "ಇರ್ಲೇ ಇಲ್ಲ ಅಂತ ನೀವೇ ಸಹಿ ಹಾಕೀರಿ. ಮಂಗಳವಾರ ಹೋಗಿ, ಇತ್ತು ಅಂತ ಹೇಳಿ. ಅವ್ವಿ ಸುಳ್ಳು ಹೇಳ್ಲಿಲ್ಲ ಅಂತ್ಲೂ ಹೇಳಿ. ಆಮೇಲೆ ಬನ್ನಿ, ತಂಬಿಗೆ ತುಂಬಿ ಕೊಡ್ತೆ."

ಮಾಸ್ತರರು ಕೊಡಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಎದ್ದು, ಆತು, ಹೇಳ್ತೆ, ಎಂದು ಗಂಟಲಿನಲ್ಲೇ ಅಂದು, ಬಿಸಿಲಿಗೆ ಇಳಿದರು. ಮಾದೇವಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ಕೊಡದಿಂದ ನೀರು ತೆಗೆದು ಅದನ್ನು ತೊಳೆದಿಟ್ಟಳು.